ರಾತ್ರಿಯ ಒಂದು ಗಂಟೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಗೇಮ್ ಆಡುವ ಆ ಕನ್ಸೋಲ್ ಮಾರಿಬಿಡು, ಒಂದು ಒಳ್ಳೆಯ ಪಿಸಿ ಜೋಡಿಸಿಕೋ ಅಂತ ಮತ್ತೆ ಬರೆದಿದ್ದೀಯ. ಹೋದ ಸಲ ನೋಡೋಣ ಅಂತ ಹೇಳಿ ಜಾರಿಕೊಂಡಿದ್ದೆ. ಈ ಸಲ ಮನಸ್ಸಿನಲ್ಲಿರುವುದನ್ನು ಬರೆದೇಬಿಡುತ್ತೇನೆ.

ಮೊದಲು ನಿನ್ನ ಮಾತು ನಿಜವಾಗಿರುವ ಕಡೆ ಒಪ್ಪಿಕೊಳ್ಳುತ್ತೇನೆ. ಹಳೆಯ ಗೇಮ್‌ಗಳು ಉಳಿಯುವುದು ಪಿಸಿಯಲ್ಲೇ. 2023ರ ಮಾರ್ಚ್‌ನಲ್ಲಿ ನಿಂಟೆಂಡೊ ಕಂಪನಿ ತನ್ನ 3ಡಿಎಸ್ ಮತ್ತು ವೀ ಯು ಎಂಬ ಹಳೆಯ ಕನ್ಸೋಲ್‌ಗಳ ಆನ್‌ಲೈನ್ ಅಂಗಡಿಗಳನ್ನು ಮುಚ್ಚಿತು. ಡೌನ್‌ಲೋಡ್ ರೂಪದಲ್ಲಿ ಅಲ್ಲಿ ಮಾತ್ರ ಸಿಗುತ್ತಿದ್ದ ಸಣ್ಣಪುಟ್ಟ ಗೇಮ್‌ಗಳನ್ನು ಆಮೇಲೆ ಕೊಳ್ಳುವ ದಾರಿಯೇ ಇಲ್ಲವಾಯಿತು. ನನಗೆ ಈಗಲೂ ಆ ಬೇಜಾರಿದೆ. ಪಿಸಿಯಲ್ಲಾದರೆ ಯಾರಾದರೂ ಒಬ್ಬರು ಕೈಹಾಕುತ್ತಾರೆ. 2012ರಲ್ಲಿ ಡಾರ್ಕ್ ಸೋಲ್ಸ್ ಎಂಬ ಜಪಾನಿ ಗೇಮ್ ಪಿಸಿಗೆ ಬಂದಾಗ ಚಿತ್ರವೆಲ್ಲ ಮಸುಕು ಮಸುಕಾಗಿತ್ತು. ಅದನ್ನು ತಿಳಿಯಾಗಿಸುವ ಮಾಡ್, ಅಂದರೆ ಗೇಮನ್ನು ತಿದ್ದುವ ಸಣ್ಣ ಪ್ರೋಗ್ರಾಂ, ಬರೆದವರು ಅಭಿಮಾನಿಯೊಬ್ಬರು. ಕಾಸು ತೆಗೆದುಕೊಳ್ಳದೆ ಹಂಚಿದರು. ಇಂಥದ್ದು ಕನ್ಸೋಲ್‌ನಲ್ಲಿ ಆಗುವುದಿಲ್ಲ.

ಆದರೆ ನನ್ನ ದಿನ ಹೇಗಿರುತ್ತದೆ ಅಂತ ನಿನಗೆ ಗೊತ್ತಲ್ವಾ? ಎಲ್ಲರೂ ಮಲಗಿದ ಮೇಲೆ ಸಿಗುವುದು ಒಂದೇ ಗಂಟೆ. ಕೆಲವು ರಾತ್ರಿ ಅದೂ ಇಲ್ಲ. ಹೋದ ವರ್ಷ ಲ್ಯಾಪ್‌ಟಾಪ್‌ನಲ್ಲಿ ಒಂದು ಹೊಸ ಗೇಮ್ ಹಾಕಿದ್ದೆ. ಮೊದಲ ರಾತ್ರಿ ಅಪ್‌ಡೇಟ್, ಎರಡನೇ ರಾತ್ರಿ ಗ್ರಾಫಿಕ್ಸ್ ಡ್ರೈವರ್. ಮೂರನೇ ರಾತ್ರಿ ಶೇಡರ್ (ಚಿತ್ರ ಬಿಡಿಸುವ ಕೋಡ್) ತಯಾರಾಗುತ್ತಿದೆ ಅಂತ ಪರದೆ ಮೇಲೆ ಒಂದು ಗೆರೆ ಆಮೆಯ ಹಾಗೆ ತೆವಳುತ್ತಿತ್ತು. ನಾನು ಕೂತಲ್ಲೇ ನಿದ್ದೆ ಹೋದೆ. ನನ್ನ ಕನ್ಸೋಲ್ ನಿಂಟೆಂಡೊ ಸ್ವಿಚ್‌ನಲ್ಲಿ ಒಂದು ಗುಂಡಿ ಒತ್ತಿದರೆ ಗೇಮ್ ಇದ್ದಲ್ಲೇ ನಿಲ್ಲುತ್ತದೆ. ನಾಲ್ಕು ದಿನ ಬಿಟ್ಟು ತೆಗೆದರೂ ಎತ್ತಿದ ಕತ್ತಿ ಎತ್ತಿದ ಹಾಗೇ ಇರುತ್ತದೆ. ಅದರ ಚಿಪ್ ಹಳೆಯದು ಅಂತ ನೀನು ಹೇಳುವುದು ಸರಿ. 2017ರಲ್ಲಿ ಬಿಡುಗಡೆಯಾದಾಗಲೇ ಅದು ಹೊಸದಾಗಿರಲಿಲ್ಲ. ನನಗೆ ಬೇಕಾಗಿರುವುದು ಆ ಗುಂಡಿ.

ಜಪಾನಿನ ಗೇಮ್‌ಗಳು ನನಗೆ ಯಾಕೆ ಇಷ್ಟು ಒಗ್ಗಿದವು ಅಂತಲೂ ನೀನು ಕೇಳಿದ್ದೆ. ಇದಕ್ಕೊಂದು ಹಳೆಯ ಕಥೆ ಇದೆ. ವಿಜರ್ಡ್ರಿ, ಅಲ್ಟಿಮಾ ಎಂಬ ಗೇಮ್‌ಗಳು ಹುಟ್ಟಿದ್ದು ಅಮೆರಿಕದ ಕಂಪ್ಯೂಟರ್‌ಗಳಲ್ಲಿ. ಕೀಬೋರ್ಡ್ ಬೇಕು, ಸಿಕ್ಕಾಪಟ್ಟೆ ತಾಳ್ಮೆಯೂ ಬೇಕು. ಜಪಾನಿನ ಗೇಮ್ ವಿನ್ಯಾಸಕ ಯೂಜಿ ಹೋರಿಯಿ ಅವುಗಳನ್ನು ಮೆಚ್ಚಿ ಆಡಿದವರು. ಅದೇ ಖುಷಿ ಕಂಪ್ಯೂಟರ್ ಗೊತ್ತಿಲ್ಲದವರಿಗೂ ಸಿಗಲಿ ಅಂತ 1986ರಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಕನ್ಸೋಲ್‌ಗೆ ಡ್ರ್ಯಾಗನ್ ಕ್ವೆಸ್ಟ್ ಮಾಡಿದರು. ಒಬ್ಬನೇ ನಾಯಕ, ಒಂದು ಸಲಕ್ಕೆ ಒಬ್ಬನೇ ಶತ್ರು. ನೀನು ಯೋಚಿಸಿ ಮುಗಿಸುವವರೆಗೂ ಆ ಶತ್ರು ಸುಮ್ನೆ ಕಾಯುತ್ತಾನೆ! ಪಿಸಿಯ ಗೇಮನ್ನೇ ತೆಗೆದುಕೊಂಡು ನನ್ನಂಥವನ ಕೈಗೆ ಹಿಡಿಯುವ ಹಾಗೆ ಮಾಡಿಕೊಟ್ಟರು ಅಂತ ನನಗೆ ಅನಿಸುತ್ತದೆ. ಹಾಗಾಗಿ ಪಿಸಿಯ ಋಣ ನನ್ನ ಮೇಲೂ ಇದೆ.

ಆ ಕಾಳಜಿ ಈಗಲೂ ಕಾಣುತ್ತದೆ. ಡ್ರ್ಯಾಗನ್ ಕ್ವೆಸ್ಟ್ 11ರಲ್ಲಿ ಉಳಿಸಿಟ್ಟ ಆಟವನ್ನು ತೆರೆದ ಕೂಡಲೇ ಇಲ್ಲಿವರೆಗೆ ಏನೇನಾಯಿತು ಅಂತ ನಾಲ್ಕು ಸಾಲಿನಲ್ಲಿ ಕಥೆ ಹೇಳುತ್ತದೆ. ಮೂರು ವಾರ ಬಿಟ್ಟು ಬಂದವನಿಗೆ ಅದು ಎಷ್ಟು ದೊಡ್ಡ ಉಪಕಾರ ಗೊತ್ತಾ? ಎಲ್ಲ ಗೇಮ್‌ಗಳೂ ಹೀಗೇ ಮಾಡಬೇಕು.

ಹಾಗಂತ ಜಪಾನಿನದ್ದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಪರ್ಸೋನಾ 5ರ ಸಂಗೀತಕ್ಕೆ ಮನಸೋತಿದ್ದೇನೆ, ಆದರೆ ಅದು ನನ್ನ ಕೈಗೆ ಆಟ ಬಿಟ್ಟುಕೊಡುವಷ್ಟರಲ್ಲಿ ಒಂದು ವಾರದ ರಾತ್ರಿಗಳು ಹೋದವು. ಮಾತು, ಮಾತು, ಮಾತು. ಹುಡುಗಿಯರ ಪಾತ್ರಗಳಿಗೆ ಕೆಲವರು ತೊಡಿಸುವ ಬಟ್ಟೆ ನೋಡಿದರೆ, ಮನೆಯವರು ಯಾರಾದರೂ ಎದ್ದು ಬಂದರೆ ಏನು ಹೇಳಲಿ ಅನಿಸುತ್ತದೆ. ಡಾರ್ಕ್ ಸೋಲ್ಸ್ ಅಂತೂ ಆಟವನ್ನು ನಡುವೆ ತಡೆದು ನಿಲ್ಲಿಸಲಿಕ್ಕೇ ಬಿಡುವುದಿಲ್ಲ. ಮಗು ಅತ್ತರೆ ನಾನು ಎದ್ದು ಹೋಗಲೇಬೇಕು, ವಾಪಸ್ ಬರುವಷ್ಟರಲ್ಲಿ ಸತ್ತು ಬಿದ್ದಿರುತ್ತೇನೆ. ಅದು ಎಷ್ಟೇ ದೊಡ್ಡ ಗೇಮ್ ಆಗಲಿ, ನನ್ನ ಬದುಕಿನ ಈ ಹೊತ್ತಿಗೆ ಸೇರುವುದಿಲ್ಲ.

ಆದ್ದರಿಂದ ಕನ್ಸೋಲ್ ಮಾರುವುದಿಲ್ಲ ಕಣೋ. ಬದಲಿಗೆ ನೀನೇ ಒಂದು ಕೆಲಸ ಮಾಡು. ಡ್ರ್ಯಾಗನ್ ಕ್ವೆಸ್ಟ್ 11 ನಿನ್ನ ಪಿಸಿಗೂ ಇದೆ. 2020ರಲ್ಲಿ ಪಿಸಿಗೆ ಬಂದ ‘ಎಸ್’ ಎಂಬ ಆವೃತ್ತಿಯನ್ನೇ ತಗೋ, ಅದರಲ್ಲಿ ಜಪಾನಿ ಧ್ವನಿ ಇದೆ. ಶುರುವಿನಲ್ಲಿ ನಿಧಾನ ಅನಿಸುತ್ತದೆ, ಬಿಡಬೇಡ. ಮರಳುಗಾಡಿನ ಊರಿನಲ್ಲಿ ಒಂದು ಕುದುರೆ ಓಟ ಬರುತ್ತದೆ. ಅಲ್ಲಿಯ ರಾಜಕುಮಾರನ ಗುಟ್ಟು ಏನು ಅಂತ ತಿಳಿದ ದಿನ ನನಗೆ ಬರಿ.

ನಿನ್ನ ಪತ್ರಕ್ಕೆ ಕಾಯುವ,
ನಿನ್ನ ಗೆಳೆಯ