ಕಮ್ಮಟದಲ್ಲಿ ಕಂಪ್ಯೂಟರಿಗೂ ಒಂದು ದಿನ ಇರಲಿ

ಮಾನ್ಯರೇ,

ಹದಿಹರೆಯದವರಿಗಾಗಿ ಕಾದಂಬರಿ ಬರೆಯುವ ಹೊಸಬರು ಈಗ ನೇರ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಬರೆಯುತ್ತಾರೆ. ಕಮ್ಮಟಗಳಲ್ಲಿ ಪಾತ್ರ, ಸನ್ನಿವೇಶಗಳ ಚರ್ಚೆ ಚೆನ್ನಾಗಿಯೇ ನಡೆಯುತ್ತದೆ. ಇನ್ನೂರು ಪುಟದ ಕಡತವನ್ನು ಪರದೆಯ ಮೇಲೆ ಹಿಡಿತದಲ್ಲಿಟ್ಟುಕೊಳ್ಳುವುದು ಹೇಗೆಂದು ಹೇಳಿಕೊಡುವುದು ಮಾತ್ರ ಅಪರೂಪ.

ಮೊದಲ ಸಾಲಿನಿಂದಲೇ ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಜಾಗ ಕೊಡುವ ಸಂಕೇತ ಪದ್ಧತಿ, ಬಳಸಬೇಕು. ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರ ಕೂತಿರುವುದು ಇಂಗ್ಲಿಷ್ ಅಕ್ಷರದ ಜಾಗದಲ್ಲಿ. ಹಾಗಾಗಿ ಆಮೇಲೆ ಯೂನಿಕೋಡ್‌ಗೆ ಪರಿವರ್ತಿಸಿದಾಗ ನಡುವೆ ಬಂದ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ.

ಹೆಚ್ಚು ಎಡವಟ್ಟಾಗುವುದು ಪಾತ್ರದ ಹೆಸರು ಬದಲಿಸುವಾಗ. ‘ಮಂಜು’ವನ್ನು ‘ಗೌರಿ’ ಮಾಡಲು ಎಲ್ಲವನ್ನೂ ಒಂದೇ ಸಲ ಬದಲಿಸುವ ‘ರೀಪ್ಲೇಸ್ ಆಲ್’ ಒತ್ತಿದರೆ ‘ಮಂಜುವಿಗೆ’ ಎಂಬುದು ‘ಗೌರಿವಿಗೆ’ ಆಗುತ್ತದೆ, ಮಂಜುನಾಥ ಮೇಷ್ಟ್ರು ಗೌರಿನಾಥರಾಗುತ್ತಾರೆ, ಕುಂತಿಬೆಟ್ಟದ ಮೇಲೆ ಮಂಜಿನ ಬದಲು ಗೌರಿ ಕವಿಯುತ್ತಾಳೆ. ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ ಒಂದೊಂದನ್ನೇ ನೋಡಿ ಬದಲಿಸದೆ ದಾರಿಯಿಲ್ಲ. ‘ಮಂಜುವಿಗೆ’, ‘ಮಂಜುವಿನ’, ‘ಮಂಜುವನ್ನು’ ಎಂದು ರೂಪಗಳನ್ನು ಬೇರೆಬೇರೆಯಾಗಿ ಹುಡುಕಿ, ಬರಿಯ ‘ಮಂಜು’ವನ್ನು ಕೊನೆಗೆ ಇಟ್ಟುಕೊಂಡರೆ ಕೆಲಸ ಹಗುರ.

ಅಧ್ಯಾಯದ ತಲೆಬರಹಗಳಿಗೆ ವರ್ಡ್‌ನ ‘ಹೆಡಿಂಗ್ 1’ ಶೈಲಿ ಕೊಟ್ಟರೆ ಪರದೆಯ ಪಕ್ಕದಲ್ಲಿ ತೆರೆಯುವ ನ್ಯಾವಿಗೇಶನ್ ಪೇನ್‌ನಲ್ಲಿ ಇಡೀ ಕಾದಂಬರಿಯ ಪಟ್ಟಿ ಕಾಣುತ್ತದೆ. ಅಲ್ಲೇ ಎಳೆದು ಅಧ್ಯಾಯವನ್ನು ಹಿಂದೆಮುಂದೆ ಮಾಡಬಹುದು. ಹಾಗೆ ಸರಿಸಿದ ಮೇಲೆ ಯಾವ ಪಾತ್ರಕ್ಕೆ ಯಾವ ಗುಟ್ಟು ಯಾವಾಗ ತಿಳಿಯಿತು ಎಂಬುದನ್ನು ಮತ್ತೆ ಓದಿ ನೋಡಲೇಬೇಕು. ಪ್ರತಿದಿನದ ಪ್ರತಿಗೆ ದಿನಾಂಕ ಹಾಕಿ ಇನ್ನೊಂದು ಕಡೆಯೂ ಉಳಿಸಿಡಬೇಕು.

ಎಳೆಯ ಓದುಗರಲ್ಲಿ ಅನೇಕರು ಓದುವುದು ಮೊಬೈಲಿನಲ್ಲಿ. ಕಂಪ್ಯೂಟರಿನಲ್ಲಿ ಆರೇಳು ಸಾಲು ಕಾಣುವ ಪ್ಯಾರಾ ಅಲ್ಲಿ ಪರದೆ ತುಂಬುತ್ತದೆ. ಬರೆದ ಅಧ್ಯಾಯವನ್ನು ಮೊಬೈಲಿಗೆ ಹಾಕಿ ಓದಿದರೆ ಎಲ್ಲಿ ಒಡೆಯಬೇಕೆಂದು ಗೊತ್ತಾಗುತ್ತದೆ. ಪಾತ್ರಗಳ ಮಾತುಗಳನ್ನು ಮೊಬೈಲಿನಲ್ಲೇ ಟೈಪಿಸುವವರು ಆಟೋ ಕರೆಕ್ಷನ್ ಆಫ್ ಮಾಡಲಿ. ಮಂಡ್ಯದ ಹುಡುಗ ‘ಅಂಗಲ್ಲ ಕಣ್ಲಾ’ ಅಂದದ್ದು ಹಾಗೆಯೇ ಉಳಿಯಬೇಕು, ಆ ಮಾತು ಹೋದರೆ ಹುಡುಗನೇ ಹೋದಂತೆ.

ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಮಂಡ್ಯದ ಕರ್ನಾಟಕ ಸಂಘದಂಥ ಸಂಸ್ಥೆಗಳು ಕಮ್ಮಟ ನಡೆಸುವಾಗ ಈ ಕೆಲಸಕ್ಕೆಂದೇ ಒಂದು ದಿನ ಮೀಸಲಿಡಲಿ. ಶಿಬಿರಾರ್ಥಿಗಳು ತಮ್ಮದೇ ಕಾದಂಬರಿಯ ಕಡತ ತರುವಂತಾದರೆ ಕೈಗೆ ಬೇಗ ಹತ್ತುತ್ತದೆ.

– ಕರಡು ತಿದ್ದುವ ಗೆಳೆಯರು, ಸರಸ್ವತಿಪುರಂ, ಮೈಸೂರು