ಐದನೇ ತರಗತಿಯ ಲೈಟ್‌ಹೌಸ್‌ಗಳ ಬಗ್ಗೆ ಪೋಷಕರಿಗೆ ಒಂದು ಪತ್ರ

ಪೋಷಕರೇ, ನಮಸ್ಕಾರ.

ಮುಂದಿನ ವಾರ ಐದನೇ ತರಗತಿ ಮಕ್ಕಳು ಪೇಪರಿನಲ್ಲಿ ಲೈಟ್‌ಹೌಸ್ ಮಾಡುತ್ತಾರೆ. ಸಕಲೇಶಪುರದಲ್ಲಿ ಕೂತು ಲೈಟ್‌ಹೌಸ್ ಯಾಕೆ ಮೇಡಂ ಅಂತ ಕೆಲವರು ಕೇಳಿದಿರಿ. ಪಾಠದಲ್ಲಿ ದೀಪಸ್ತಂಭ ಅಂತ ಬಂದಾಗ ಮಕ್ಕಳಿಗೆ ಹೊಳೆದಿದ್ದು ದೇವಸ್ಥಾನದ ಮುಂದಿನ ಕಂಬ. ನಾನು ಉಡುಪಿ ಹತ್ತಿರದ ಕಾಪುವಿನ ಲೈಟ್‌ಹೌಸ್ ಫೋಟೋ ತೋರಿಸಿದೆ. 1901ರಲ್ಲಿ ಕಡಲಂಚಿನ ಬಂಡೆ ಮೇಲೆ ಕಟ್ಟಿದ್ದು, ಸುಮಾರು 27 ಮೀಟರ್ ಎತ್ತರ, ಮೈತುಂಬ ಕಪ್ಪು-ಬಿಳಿ ಪಟ್ಟೆ. ಆಗ ಒಬ್ಬಳು ಎದ್ದು, "ಘಾಟಿಯಲ್ಲಿ ಮಂಜು ಮುಚ್ಚಿದಾಗ ಲಾರಿಯವರು ಇಂಡಿಕೇಟರ್ ಹಾಕ್ಕೊಂಡು ಬರ್ತಾರಲ್ಲ, ಹಂಗಾ ಮಿಸ್?" ಅಂದಳು. ಹೌದು, ಹಾಗೇ. ಅವತ್ತೇ ಇದನ್ನು ಮಾಡಿಸಬೇಕು ಅನ್ನಿಸಿತು.

ಒಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಹೋದ ವರ್ಷ ಜ್ವಾಲಾಮುಖಿ ಮಾದರಿ ಮಾಡಿಸಿದಾಗ ಅರ್ಧಕ್ಕರ್ಧ ದೊಡ್ಡವರ ಕೈಯಲ್ಲೇ ಆಗಿತ್ತು. ನೋಡೋಕೆ ಚೆನ್ನಾಗಿತ್ತು, ನಿಜ. ಆದರೆ ಹೇಗೆ ಮಾಡಿದೆ ಅಂತ ಕೇಳಿದರೆ ಮಕ್ಕಳು ನೆಲ ನೋಡುತ್ತಿದ್ದರು. ನನಗೆ ತುಂಬ ಬೇಜಾರಾಯಿತು. ಈ ಸಲ ಗೋಪುರ ವಾಲಲಿ, ಗೋಂದು ಮೆತ್ತಿಕೊಳ್ಳಲಿ, ಮಕ್ಕಳೇ ಮಾಡಲಿ.

ಸುಮ್ನೆ ಒಂದು ಹಾಳೆ ಸುತ್ತಿದರೆ ಲೈಟ್‌ಹೌಸ್ ಆಗಲ್ಲ, ಪೈಪ್ ಆಗುತ್ತೆ. ಬುಡ ಅಗಲ, ತುದಿ ಸಣ್ಣ ಬೇಕಲ್ವಾ? ಹೋದ ಗುರುವಾರ ಒಬ್ಬ ಹುಡುಗ ಹಾಳೆಯನ್ನು ಕಡಲೆಕಾಯಿ ಪೊಟ್ಟಣದ ಥರ ಸುತ್ತಿ, ತುದಿ ಕತ್ತರಿಸಿ ನಿಲ್ಲಿಸಿದ. ಆಕಾರ ಸರಿ ಬಂತು, ಆದರೆ ಸ್ಕೇಲ್ ಇಟ್ಟು ನೇರವಾಗಿ ಎಳೆದಿದ್ದ ಪಟ್ಟೆಗಳೆಲ್ಲ ಓರೆಯಾಗಿ ಹತ್ತಿ ಇಳಿದವು. ಅವನು ಅದನ್ನು ಬಿಚ್ಚಿದ, ಮತ್ತೆ ಸುತ್ತಿದ, ಮತ್ತೆ ಬಿಚ್ಚಿದ. ಗೆರೆ ಬಾಗಿರಬೇಕು ಅಂತ ಅವನಿಗೇ ಹೊಳೆಯೋಕೆ ಅರ್ಧ ಗಂಟೆ ಹಿಡಿಯಿತು. ನಾನು ಬಾಯಿ ಬಿಡಲಿಲ್ಲ, ಕಷ್ಟಪಟ್ಟು.

ಅದಕ್ಕೇ ನಾವು ಹೀಗೆ ಮಾಡುತ್ತೇವೆ. ದೊಡ್ಡ ಚಾರ್ಟ್ ಹಾಳೆಯ ಒಂದು ಮೂಲೆಯಲ್ಲಿ ಗುಂಡುಪಿನ್ ಚುಚ್ಚಿ, ಅದಕ್ಕೆ ದಾರ, ದಾರದ ತುದಿಗೆ ಪೆನ್ಸಿಲ್ ಕಟ್ಟಿ 50 ಸೆಂಟಿಮೀಟರಿಗೆ ಒಂದು ಕಮಾನು, 20ಕ್ಕೆ ಇನ್ನೊಂದು ಕಮಾನು ಎಳೆಯಬೇಕು. ಆ ಮೂಲೆಯನ್ನು ಅರ್ಧಕ್ಕೆ ಮಡಚಿ, ಒಂದು ಅರ್ಧ ಮಾತ್ರ ಕತ್ತರಿಸಬೇಕು, ಅಂಟಿಸೋಕೆ ಬೆರಳಗಲ ಬಿಟ್ಟು. ನಡುವೆ 26, 32, 38, 44ಕ್ಕೆ ಕಮಾನು ಎಳೆದರೆ ಐದು ಪಟ್ಟೆ. ಬಣ್ಣ ಹಚ್ಚಿ, ಒಣಗಿದ ಮೇಲೆ ಸುತ್ತಿದರೆ ಸುಮಾರು 30 ಸೆಂಟಿಮೀಟರ್ ಎತ್ತರದ ಗೋಪುರ, ಪಟ್ಟೆ ಸಮವಾಗಿ ಕೂರುತ್ತದೆ. ಅಂದರೆ ಕಾಪುವಿನದ್ದಕ್ಕಿಂತ 90 ಪಟ್ಟು ಚಿಕ್ಕದು. ಪಕ್ಕದಲ್ಲಿ ನಿಲ್ಲಿಸುವ ಮನುಷ್ಯ ಎಷ್ಟು ಎತ್ತರ ಇರಬೇಕು ಅಂತ ಮಕ್ಕಳೇ ಲೆಕ್ಕ ಹಾಕಿದರು. ಎರಡು ಸೆಂಟಿಮೀಟರೂ ಇಲ್ಲ!

ಮನೆಯಿಂದ ಹಳೆ ಲಗ್ನಪತ್ರಿಕೆ, ಪೇಪರ್ ಲೋಟ, ಬಣ್ಣವಿಲ್ಲದ ಪ್ಲಾಸ್ಟಿಕ್ ಹಾಳೆ ಕಳಿಸಿ. ಹೊಸದೇನೂ ಕೊಳ್ಳಬೇಡಿ. ದೀಪಕ್ಕೆ ಪೆನ್ಸಿಲ್ ಸೆಲ್ಲಿನ ಚಿಕ್ಕ ಟಾರ್ಚ್ ಸಾಕು. ಗುಂಡಿಯಂಥ ಚಪ್ಪಟೆ ಸೆಲ್ ಇರುವ ಲೈಟು ದಯವಿಟ್ಟು ಬೇಡ. ಮನೆಯಲ್ಲಿರುವ ಪುಟ್ಟ ಮಕ್ಕಳು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟು ಹೋಗಬಹುದು. ಇದೊಂದರಲ್ಲಿ ನಾನು ಯಾರ ಮಾತೂ ಕೇಳಲ್ಲ. ಮೇಣದಬತ್ತಿಯೂ ಬೇಡ.

ನಿಜವಾದ ಲೈಟ್‌ಹೌಸ್‌ಗಳಲ್ಲಿ ಹಗಲು ಗುರುತು ಹಿಡಿಯೋಕೆ ಪಟ್ಟೆ, ರಾತ್ರಿಗೆ ದೀಪ ಮಿನುಗುವ ಲಯ. ಎಷ್ಟು ಸಲ, ಎಷ್ಟು ಹೊತ್ತಿಗೆ ಮಿನುಗಿತು ಅಂತ ಎಣಿಸಿ, ಇದು ಯಾವ ಊರಿನದ್ದು ಅಂತ ಹಡಗಿನವರು ತಿಳಿಯುತ್ತಾರೆ. ಹಾಗೇ ಪ್ರತಿ ಮಗುವೂ ತನ್ನದೇ ಲಯ ಆರಿಸಿಕೊಳ್ಳುತ್ತದೆ. ಮನೆಯಲ್ಲಿ ಟಾರ್ಚ್ ಹಾಕಿ ಆರಿಸಿ ಅಭ್ಯಾಸ ಮಾಡಿದರೆ ಗದರಬೇಡಿ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಶಾಲೆಯ ಹಾಲ್‌ನ ಕಿಟಕಿ ಮುಚ್ಚಿ ಎಲ್ಲ ದೀಪ ಹಚ್ಚುತ್ತೇವೆ. ಗೆರೆ ಎಳೆಯುವಾಗ ಪಿನ್ ಹಿಡಿಯೋಕೆ ಗುರುವಾರ ಮಧ್ಯಾಹ್ನ ನಾಲ್ಕೈದು ಪೋಷಕರು ಬಂದರೆ ದೊಡ್ಡ ಸಹಾಯ. ತೋಟದ ಕೆಲಸ ಇರುವವರು ಶನಿವಾರ ತಡವಾಗಿ ಬಂದರೂ ಪರವಾಗಿಲ್ಲ, ನಿಮ್ಮ ಮಗುವಿನ ದೀಪ ನೀವು ನೋಡುವ ತನಕ ಹಾಲ್‌ನ ಬಾಗಿಲು ತೆರೆದೇ ಇರುತ್ತದೆ.

ನಿಮ್ಮ,
ಮುಖ್ಯ ಶಿಕ್ಷಕಿ