ರಜೆಗೆ ಹೊರಟ ಕುಟುಂಬಕ್ಕೂ ಒಂದು ಪಾಸ್ ಕೊಡಿ

ಮಾನ್ಯ ಸಂಪಾದಕರೇ,

ನಾನು ತುಮಕೂರಿನ ಕ್ಯಾತ್ಸಂದ್ರದವಳು. ಮನೆಯಲ್ಲೇ ಬ್ಲೌಸು, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. 2025ರ ಅಕ್ಟೋಬರ್‌ನಲ್ಲಿ ಜಾತಿ ಸಮೀಕ್ಷೆಯ ಕಾರಣಕ್ಕೆ ದಸರಾ ರಜೆ 18ನೇ ತಾರೀಖಿನವರೆಗೆ ಮುಂದೆ ಹೋಯಿತಲ್ಲ, ಆಗ ಮಕ್ಕಳು ಪಟ್ಟು ಹಿಡಿದರು: ಬೆಂಗಳೂರು ತೋರಿಸು ಅಂತ. ದೀಪಾವಳಿಯ ಬಟ್ಟೆ ಮೇಜಿನ ಮೇಲೆ ರಾಶಿ ಬಿದ್ದಿತ್ತು. ಆದರೂ ಎರಡು ವರ್ಷದಿಂದ ಮುಂದೂಡಿಕೊಂಡು ಬಂದಿದ್ದ ಮಾತು. 11ನೇ ತಾರೀಖು ಶನಿವಾರ ಹೊರಟೇಬಿಟ್ಟೆವು. ದಾಸರಹಳ್ಳಿಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಮೂರು ರಾತ್ರಿ ಇದ್ದು, ಮಂಗಳವಾರ ವಾಪಸ್.

ಹೊರಟವರು ಆರು ಜನ. ನಾನು, 68 ವರ್ಷದ ನಮ್ಮತ್ತೆ, 13 ವರ್ಷದ ಮಗಳು, 9 ವರ್ಷದ ಮಗ, ಹಿಂದೂಪುರಕ್ಕೆ ಕೊಟ್ಟಿರುವ ನನ್ನ ತಂಗಿ, ಅವಳ 4 ವರ್ಷದ ಮಗ. ನಮ್ಮ ಯಜಮಾನರಿಗೆ ಹಿಟ್ಟಿನ ಗಿರಣಿ ಬಿಟ್ಟು ಬರಲಾಗಲಿಲ್ಲ. ಈ ಆರು ಜನರ ಟಿಕೆಟ್ ಲೆಕ್ಕ ಹಾಕಲು ಕೂತಾಗ ನನಗೆ ಗೊತ್ತಾದದ್ದನ್ನು ನಿಮ್ಮ ಪತ್ರಿಕೆಯ ಮೂಲಕ ಎರಡು ರೀತಿಯ ಜನರಿಗೆ ಹೇಳಬೇಕಾಗಿದೆ. ನಮ್ಮಂತೆ ಮಕ್ಕಳನ್ನು ಕಟ್ಟಿಕೊಂಡು ಹೊರಡುವ ತಾಯಂದಿರಿಗೆ ಮೊದಲು. ಆಮೇಲೆ ಪಾಸು, ಟಿಕೆಟ್ಟುಗಳ ನಿಯಮ ಮಾಡುವವರಿಗೆ.

ಬಸ್ಸಿನ ಲೆಕ್ಕ ಸುಲಭ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ನಾನು, ಅತ್ತೆ, ಮಗಳು ಮೂವರಿಗೂ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಟಿಕೆಟ್. ಊರಿನಿಂದ ಬೆಂಗಳೂರಿಗೂ ಅದೇ, ಬೆಂಗಳೂರಿನೊಳಗೆ ಬಿಎಂಟಿಸಿಯಲ್ಲೂ ಅದೇ. ಮಗನಿಗೆ ಅರ್ಧ ಟಿಕೆಟ್. ತಂಗಿಯ ಮಗನಿಗೆ 6 ತುಂಬಿಲ್ಲ, ಉಚಿತ. ಪೂರ್ತಿ ದುಡ್ಡು ಕೊಡಬೇಕಾದವಳು ತಂಗಿ ಒಬ್ಬಳೇ, ಅವಳ ಆಧಾರ್ ಆಂಧ್ರದ್ದು. ಮಧುಗಿರಿ ದಾಟಿದರೆ ಸಿಗುವ ಊರು, ಮನೆಯಲ್ಲಿ ಆಡುವುದು ಕನ್ನಡ, ಆದರೆ ಕಾರ್ಡಿನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆ. ಅವರ ರಾಜ್ಯದಲ್ಲೂ 2025ರ ಆಗಸ್ಟ್ 15ರಿಂದ ಹೆಂಗಸರಿಗೆ ಉಚಿತ ಬಸ್ ಶುರುವಾಗಿದೆ. ಅಲ್ಲಿ ನಾನು ದುಡ್ಡು ಕೊಡಬೇಕು, ಇಲ್ಲಿ ಅವಳು ಕೊಡಬೇಕು. ಅದಕ್ಕೆ ನನ್ನ ತಕರಾರಿಲ್ಲ, ಆಯಾ ರಾಜ್ಯದ ಖಜಾನೆಯಿಂದ ಹೋಗುವ ಹಣ ಅದು. ಒಟ್ಟಿನಲ್ಲಿ ಆರು ಜನ ಬಸ್ ಹತ್ತಿದರೆ ಒಂದೂವರೆ ಟಿಕೆಟ್.

ಮೆಟ್ರೊ ಲೆಕ್ಕಕ್ಕೆ ಬಂದಾಗ ಹೊಲಿಗೆ ಟೇಪು ಬೇಕಾಯಿತು. ನಮ್ಮ ಮೆಟ್ರೊದಲ್ಲಿ ಮಕ್ಕಳಿಗೆ ವಯಸ್ಸಿನ ಲೆಕ್ಕವಿಲ್ಲ, ಎತ್ತರದ ಲೆಕ್ಕ. ಮೂರು ಅಡಿಯೊಳಗಿದ್ದರೆ ದೊಡ್ಡವರ ಜೊತೆ ಉಚಿತ. ದಾಟಿದರೆ ಪೂರ್ತಿ ಟಿಕೆಟ್, ನಡುವೆ ಅರ್ಧ ಅನ್ನುವುದೇ ಇಲ್ಲ. ಹೊರಡುವ ಹಿಂದಿನ ರಾತ್ರಿ ತಂಗಿಯ ಮಗನನ್ನು ಅಡುಗೆಮನೆ ಬಾಗಿಲಿಗೆ ಒರಗಿಸಿ ನಿಲ್ಲಿಸಿದೆ. ಅಣ್ಣನಷ್ಟು ಎತ್ತರ ಕಾಣಬೇಕೆಂದು ಅವನು ಹಿಮ್ಮಡಿ ಎತ್ತಿ ಕತ್ತು ಚಾಚಿದ. ಎರಡೂ ಪಾದ ನೆಲಕ್ಕೆ ಒತ್ತಿಸಿ, ತಲೆಯ ಮೇಲೆ ಅಡ್ಡಪಟ್ಟಿ ಇಟ್ಟು, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಳೆದೆ. 40 ಇಂಚು. ಮೂರು ಅಡಿ ಅಂದರೆ 36. ಇನ್ನೂ ತಾಯಿ ಕೈತುತ್ತು ತಿನ್ನುವ ಮಗು ಮೆಟ್ರೊದಲ್ಲಿ ಪೂರ್ತಿ ಪ್ರಯಾಣಿಕ.

ಅದೇ ಚೌಕಟ್ಟಿನಲ್ಲಿ ನನ್ನ ಮಗಳ ಹಳೆಯ ಗೆರೆಗಳೂ ಇವೆ. 36ರ ಗೆರೆ ದಾಟಿದಾಗ ಅವಳಿಗೆ ಮೂರು ತುಂಬಿರಲಿಲ್ಲ, ಅಂಗನವಾಡಿಗೂ ಹೋಗುತ್ತಿರಲಿಲ್ಲ. ಹದಿನಾಲ್ಕು ವರ್ಷದಿಂದ ಮಕ್ಕಳ ಅಳತೆ ತೆಗೆಯುತ್ತಿರುವ ನನ್ನ ಅನುಭವದ ಮಾತು ಇದು: ಒಂದೇ ತರಗತಿಯ, ಒಂದೇ ತಿಂಗಳಲ್ಲಿ ಹುಟ್ಟಿದ ಇಬ್ಬರು ಮಕ್ಕಳ ನಡುವೆ ನಾಲ್ಕೈದು ಇಂಚು ವ್ಯತ್ಯಾಸ ಇರುತ್ತದೆ. ಅದಕ್ಕೇ ನಾವು ಯೂನಿಫಾರಂ ಹೊಲಿಯುವಾಗ ವಯಸ್ಸು ಕೇಳುವುದಿಲ್ಲ, ಮೈ ಅಳತೆಯನ್ನೇ ತೆಗೆಯುತ್ತೇವೆ. ಬಟ್ಟೆಗೆ ಎತ್ತರ ಸರಿ. ಟಿಕೆಟ್ಟಿಗೆ ವಯಸ್ಸು ಸರಿ. ರೈಲಿನವರು ವಯಸ್ಸು ನೋಡುತ್ತಾರೆ. 5 ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, 12 ತುಂಬುವವರೆಗೆ ಬರ್ತ್ ಕೇಳದಿದ್ದರೆ ಅರ್ಧ ದರ. ಲಂಡನ್ನಿನಲ್ಲಿರುವ ನಮ್ಮ ಸಂಬಂಧಿಕರೊಬ್ಬರು ಹೇಳಿದರು, ಅಲ್ಲಿಯ ನೆಲದಡಿಯ ರೈಲಿನಲ್ಲಿ 11 ವರ್ಷದೊಳಗಿನ ನಾಲ್ಕು ಮಕ್ಕಳವರೆಗೆ ಒಬ್ಬ ದೊಡ್ಡವರ ಜೊತೆ ಉಚಿತವಂತೆ. ಅಷ್ಟು ದೂರ ಹೋಗುವುದೂ ಬೇಡ, ಕ್ಯಾತ್ಸಂದ್ರದಲ್ಲಿ ನಿಲ್ಲುವ ಕೆಂಪು ಬಸ್ಸಿನ ಕಂಡಕ್ಟರ್ ಕೇಳುವುದೂ ವಯಸ್ಸನ್ನೇ.

ಭಾನುವಾರ ಲಾಲ್‌ಬಾಗ್, ಕಬ್ಬನ್ ಪಾರ್ಕ್. ಬೆಳಿಗ್ಗೆ ಮೆಟ್ರೊದಲ್ಲೇ ಹೋಗೋಣ ಎಂದೆ. ದಾಸರಹಳ್ಳಿಯಿಂದ ಲಾಲ್‌ಬಾಗಿಗೆ ಹಸಿರು ಮಾರ್ಗದಲ್ಲಿ ನೇರ ಹೋಗಬಹುದು, ಎಲ್ಲೂ ಬದಲಾಯಿಸಬೇಕಿಲ್ಲ. ಅತ್ತೆಯ ಮಂಡಿ ನೋವಿಗೆ ಲಿಫ್ಟು, ಎಸ್ಕಲೇಟರ್ ಇದೆ. ಪೀಣ್ಯದ ಕಡೆಯ ಟ್ರಾಫಿಕ್ ಇಲ್ಲ. ಹುಡುಗರಿಬ್ಬರೂ ಕಿಟಕಿಗೆ ಮೂಗು ಒತ್ತಿಕೊಂಡು ನಿಂತವರು ಭೂಮಿಯೊಳಗೆ ಇಳಿಯುವವರೆಗೂ ಅಲ್ಲಾಡಲಿಲ್ಲ. ಆರು ಜನ, ಆರು ಪೂರ್ತಿ ಟಿಕೆಟ್.

ಲಾಲ್‌ಬಾಗಿನ ಬಂಡೆ ಹತ್ತಿ ಇಳಿದು, ಮಧ್ಯಾಹ್ನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ಸಹೋದರರ ವಿಮಾನದ ಪ್ರತಿಕೃತಿ ಮುಂದೆ ಅರ್ಧ ಗಂಟೆ ನಿಂತೆವು. ಸಂಜೆ ವಾಪಸ್ ಬರುವಾಗ ಬಸ್ ಹಿಡಿದೆವು, ಒಂದೂವರೆ ಟಿಕೆಟ್ಟಿನ ಲೆಕ್ಕ ನೋಡಿಕೊಂಡೇ. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಿದೆವು. ಯಶವಂತಪುರದವರೆಗೂ ಅತ್ತೆಗೆ ಸೀಟು ಸಿಗಲಿಲ್ಲ. ಗೊರಗುಂಟೆಪಾಳ್ಯದ ಹತ್ತಿರ ಚಿಕ್ಕವನು ತಂಗಿಯ ಸೀರೆಯ ಮೇಲೆಯೇ ವಾಂತಿ ಮಾಡಿಕೊಂಡ. ನನ್ನ ಬ್ಯಾಗಿನಲ್ಲಿದ್ದ ಹೊಲಿಗೆಯ ತುಂಡು ಬಟ್ಟೆಗಳನ್ನೆಲ್ಲ ಒರೆಸಲು ಬಳಸಿದ್ದಾಯಿತು. ಪಕ್ಕದ ಸೀಟಿನ ಹೆಣ್ಣುಮಗಳೊಬ್ಬಳು ತನ್ನ ನೀರಿನ ಬಾಟಲಿಯನ್ನೇ ಕೊಟ್ಟುಬಿಟ್ಟಳು.

ಅವತ್ತು ನನ್ನ ಮನಸ್ಸಿಗೆ ನಾಟಿದ ವಿಷಯ ಇದು. ಮೆಟ್ರೊ ಯಾರಿಗೆ ಅತ್ಯಂತ ಹೆಚ್ಚು ಬೇಕು? ಮಂಡಿ ನೋವಿನ ಮುದುಕಿಗೆ, ಬಸ್ಸಿನ ಕುಲುಕಾಟಕ್ಕೆ ಹೊಟ್ಟೆ ತೊಳಸುವ ಮಗುವಿಗೆ, ಒಂದು ಕೈಯಲ್ಲಿ ಬ್ಯಾಗು ಇನ್ನೊಂದು ಕೈಯಲ್ಲಿ ಮಗು ಹಿಡಿದ ತಾಯಿಗೆ. ಗುಂಪಾಗಿ ಹೋಗುವ ಈ ಜನರಿಗೇ ಅದು ಹೆಚ್ಚು ದುಬಾರಿ. ಕಚೇರಿಗೆ ಒಬ್ಬರೇ ಹೋಗುವವರಿಗೆ 2025ರ ಫೆಬ್ರವರಿ 9ರ ದರ ಏರಿಕೆ ಒಂದು ಟಿಕೆಟ್ಟಿನ ಹೊರೆ. ಕನಿಷ್ಠ 10 ರೂಪಾಯಿ, ಗರಿಷ್ಠ 90 ರೂಪಾಯಿ ಅಂತ ಆಯಿತು. ನಮಗೆ ಅದನ್ನು ಆರರಿಂದ ಗುಣಿಸಬೇಕು.

ಪಾಸ್ ತೆಗೆದುಕೊಳ್ಳಬಾರದಿತ್ತೇ ಎಂದು ಕೇಳಬಹುದು. ಕೂತು ನೋಡಿದೆ. ಮೆಟ್ರೊ ಸ್ಮಾರ್ಟ್ ಕಾರ್ಡಿಗೆ ಶೇ 5ರ ರಿಯಾಯಿತಿ ಇದೆ, ಭಾನುವಾರ ಇಡೀ ದಿನ ಶೇ 10. ಆದರೆ ಒಂದು ಕಾರ್ಡಿನಲ್ಲಿ ಒಬ್ಬರೇ ಹೋಗಬೇಕು, ಕಾರ್ಡಿನಲ್ಲಿ ಯಾವಾಗಲೂ ಕನಿಷ್ಠ 90 ರೂಪಾಯಿ ಇರಬೇಕು. ಮೂರು ದಿನಕ್ಕೆ ಬಂದವರು ಆರು ಕಾರ್ಡು ಕೊಂಡು ಊರಿಗೆ ಒಯ್ದು ಏನು ಮಾಡುವುದು? ಒಂದು ದಿನ, ಮೂರು ದಿನ, ಐದು ದಿನದ ಪಾಸುಗಳೂ ಇವೆ, ಅವೂ ತಲೆಗೊಂದು. ಮಕ್ಕಳನ್ನು ಕರೆದುಕೊಂಡು ಹೋದವರು ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಸಲ ಹತ್ತಿ ಇಳಿಯುತ್ತೇವೆ. ಎರಡು ಸಲಕ್ಕೆ ಗರಿಷ್ಠ ದರ ಹಿಡಿದರೂ 180 ರೂಪಾಯಿ, ದಿನದ ಪಾಸು ಅದಕ್ಕಿಂತ ಜಾಸ್ತಿ. ಬೆಳಿಗ್ಗೆಯಿಂದ ಸಂಜೆವರೆಗೆ ರೈಲಿನಲ್ಲೇ ಸುತ್ತುವವರಿಗೆ ಆ ಪಾಸು.

ಸೋಮವಾರ ಬನ್ನೇರುಘಟ್ಟಕ್ಕೆ ಹೋದ ದಿನ ಮಾತ್ರ ಪಾಸಿನ ಲಾಭ ಕಂಡದ್ದು. ಅದು ಬಿಎಂಟಿಸಿಯ ಸಾಮಾನ್ಯ ಬಸ್ಸಿನ ದಿನದ ಪಾಸು, 2025ರ ಜನವರಿಯಲ್ಲಿ 70ರಿಂದ 80 ರೂಪಾಯಿ ಆಗಿದೆ. ತಂಗಿಗೆ ಒಂದೇ ತೆಗೆಸಿದೆವು, ಬೆಳಿಗ್ಗೆ ಮೊದಲ ಬಸ್ಸಿನಲ್ಲೇ. ದಾಸರಹಳ್ಳಿಯಿಂದ ಮೆಜೆಸ್ಟಿಕ್, ಅಲ್ಲಿಂದ 365 ನಂಬರ್ ಬಸ್ಸಿನಲ್ಲಿ ಬನ್ನೇರುಘಟ್ಟ, ಅದೇ ದಾರಿಯಲ್ಲಿ ವಾಪಸ್. ಹೀಗೆ ದೂರದ ಬಸ್ಸುಗಳಲ್ಲಿ ನಾಲ್ಕು ಸಲ ಹತ್ತಿ ಇಳಿಯುವ ದಿನ ಪಾಸ್ ತೆಗೆಯಿರಿ, ಎರಡೇ ಸಲದ ದಿನ ಟಿಕೆಟ್ ಸಾಕು. ವಾರದ ಪಾಸು 350 ರೂಪಾಯಿ. ಮೂರು ದಿನಕ್ಕೆ ಬಂದವರು ದಿನಾ 80 ಕೊಟ್ಟರೂ 240 ಆಗುವುದರಿಂದ ಅದು ಬೇಡ. ಜೊತೆಗೆ ಗಂಡಸರಿದ್ದರೆ ಅವರಿಗೂ ಇದೇ ಲೆಕ್ಕ. ಮನೆಮಂದಿಗೆಲ್ಲ ಪಾಸ್ ತೆಗೆಸುವ ತಪ್ಪು ಮಾಡಬೇಡಿ, ಶೂನ್ಯ ಟಿಕೆಟ್ ಇರುವವರಿಗೆ ಪಾಸ್ ದಂಡ.

ಒಂದು ಎಚ್ಚರಿಕೆ. ಮೆಜೆಸ್ಟಿಕ್‌ನಲ್ಲಿ ಮೊದಲು ಬಂದದ್ದು ಎಸಿ ಬಸ್ಸು. ಮಕ್ಕಳು ಅದಕ್ಕೇ ಓಡಿದರು. ಎಸಿ ಬಸ್ಸಿನಲ್ಲಿ ಶಕ್ತಿಯೂ ಇಲ್ಲ, 80 ರೂಪಾಯಿ ಪಾಸೂ ನಡೆಯುವುದಿಲ್ಲ, ಅದಕ್ಕೆ 140ರ ಬೇರೆ ಪಾಸು ಇದೆ. ಸ್ವಲ್ಪ ಹೊತ್ತು ಕಾದರೆ ಸಾಮಾನ್ಯ ಬಸ್ಸು ಬರುತ್ತದೆ, ನಮಗೂ ಬಂತು. ಇನ್ನೊಂದು, ಬನ್ನೇರುಘಟ್ಟ ಮೃಗಾಲಯಕ್ಕೆ ಮಂಗಳವಾರ ರಜೆ, ಅದನ್ನು ನೋಡಿಕೊಂಡು ದಿನ ಆರಿಸಿಕೊಳ್ಳಿ. ಅಜ್ಜಿಯಂದಿರ ಆಧಾರ್ ಮಾಸಿದ್ದರೆ ಹೊರಡುವ ಮುಂಚೆ ಹೊಸ ಪ್ರತಿ ತೆಗೆಸಿಟ್ಟುಕೊಳ್ಳಿ. ಮಂಗಳವಾರ ವಾಪಸ್ ಬರುವಾಗ ಅತ್ತೆಯ ಕಾರ್ಡಿನಲ್ಲಿ ವಿಳಾಸ ಓದಲಾಗುತ್ತಿಲ್ಲ ಎಂದು ಬಸ್ಸಿನಲ್ಲಿ ಮಾತು ಬೆಳೆದು ಅವರ ಕಣ್ಣಲ್ಲಿ ನೀರು ಬಂತು. ಕೊನೆಗೆ ಮತದಾರರ ಗುರುತಿನ ಚೀಟಿ ತೋರಿಸಿ ಮುಗಿಸಿದೆವು. ರೈಲಿನಲ್ಲಿ ಅವರ ವಯಸ್ಸಿನ ಹೆಂಗಸರಿಗೆ ಮುಂಚೆ ಅರ್ಧ ದರ ಇತ್ತು. 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬಂದಿಲ್ಲ. ಅದೂ ಬರಬೇಕು.

ಈಗ ನನ್ನ ಬೇಡಿಕೆ. ಮೆಟ್ರೊದಲ್ಲಿ ಅಳತೆಪಟ್ಟಿ ಬಿಟ್ಟು ವಯಸ್ಸು ಹಿಡಿಯಲಿ. ಬಸ್ಸಿನಂತೆಯೇ 6 ವರ್ಷದವರೆಗೆ ಉಚಿತ, 12ರವರೆಗೆ ಅರ್ಧ ಮಾಡಲಿ. ಸುಳ್ಳು ವಯಸ್ಸು ಹೇಳುತ್ತಾರೆ ಎಂಬ ಅನುಮಾನವಿದ್ದರೆ ಮಗುವಿನ ಆಧಾರ್ ಕೇಳಲಿ, ಈಗ ಯಾವ ಮಗುವಿಗೆ ಆಧಾರ್ ಇಲ್ಲ? ಯಂತ್ರದಲ್ಲಿ ಆಗುವುದಿಲ್ಲ ಎಂದು ಹೇಳುವಂತಿಲ್ಲ. ಮೊಬೈಲಿನಲ್ಲಿ ಒಂದೇ ಕ್ಯೂಆರ್ ಟಿಕೆಟ್ ತೆಗೆದು 6 ಜನರವರೆಗೆ ಒಟ್ಟಿಗೆ ಹೋಗುವ ವ್ಯವಸ್ಥೆಯನ್ನು ಅವರೇ ಮಾಡಿದ್ದಾರೆ. ಆರು ಜನರನ್ನು ಒಂದೇ ಚೀಟಿಯಲ್ಲಿ ಎಣಿಸಲು ಬರುವ ಯಂತ್ರಕ್ಕೆ ಅವರಲ್ಲಿ ಇಬ್ಬರು ಮಕ್ಕಳು ಎಂದು ಹೇಳಿಕೊಡುವುದು ಕಷ್ಟವಲ್ಲ.

ಅದರ ಜೊತೆಗೆ, ಬೇಸಿಗೆ ಮತ್ತು ದಸರಾ ರಜೆಯ ದಿನಗಳಿಗಾದರೂ ಬಸ್ಸು ಮೆಟ್ರೊ ಎರಡಕ್ಕೂ ನಡೆಯುವ ಒಂದು ಕುಟುಂಬದ ದಿನದ ಪಾಸು ಬೇಕು. ದೊಡ್ಡವರು ಇಬ್ಬರು, ಮಕ್ಕಳು ಮೂವರು ಎಂದು ಮಿತಿ ಹಾಕಲಿ. ಬೆಲೆಯನ್ನು ಲೆಕ್ಕ ಬಲ್ಲವರು ನಿಗದಿ ಮಾಡಲಿ. ತಂಗಿಯಂತೆ ಹೊರರಾಜ್ಯದಿಂದ ಬಂದ ನೆಂಟರೂ ದುಡ್ಡು ಕೊಟ್ಟು ಅದನ್ನು ಕೊಳ್ಳುವಂತಿರಲಿ. ಅದನ್ನು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಬಸ್ ನಿಲ್ದಾಣಗಳಲ್ಲೇ ಮಾರಿದರೆ ಮಕ್ಕಳನ್ನು ಹಿಡಿದುಕೊಂಡು ಮೆಜೆಸ್ಟಿಕ್‌ನ ಕೌಂಟರ್ ಹುಡುಕುವ ಕಷ್ಟ ತಪ್ಪುತ್ತದೆ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ಮಾದಾವರದವರೆಗೆ ಬಂದ ಮೇಲೆ ತುಮಕೂರು ರಸ್ತೆಯವರಿಗೆ ಮೆಟ್ರೊ ನಮ್ಮದೇ ಎನ್ನುವಷ್ಟು ಹತ್ತಿರವಾಗಿದೆ. ವೈಟ್‌ಫೀಲ್ಡ್ ನಿಲ್ದಾಣದಿಂದ ಕೋಲಾರ, ಬಂಗಾರಪೇಟೆ ಕಡೆಯವರಿಗೂ ಹಾಗೇ. ನಿಲ್ದಾಣ ಹತ್ತಿರ ತಂದವರು ಟಿಕೆಟ್ಟನ್ನೂ ಹತ್ತಿರ ತರಬೇಕು.

ಬೇಸಿಗೆ ರಜೆಗೆ ತಂಗಿ ಮತ್ತೆ ಬರುತ್ತಾಳೆ. ಮಕ್ಕಳು ಈಗಲೇ ತಾರಾಲಯ ಎಂದು ಬರೆದು ಗೋಡೆಗೆ ಅಂಟಿಸಿದ್ದಾರೆ. ಏಪ್ರಿಲ್‌ನಲ್ಲಿ ಚಿಕ್ಕವನಿಗೆ 5 ತುಂಬುತ್ತದೆ. ರೈಲಿನಲ್ಲಿ ಅವನಿಗೆ ಅರ್ಧ ಟಿಕೆಟ್ ಶುರು, ಬಸ್ಸಿನಲ್ಲಿ ಇನ್ನೂ ಒಂದು ವರ್ಷ ಉಚಿತ. ಮೆಟ್ರೊದಲ್ಲಿ ಅವನಿಗೂ ನನಗೂ ಒಂದೇ ದರ. ಅಷ್ಟರೊಳಗೆ ಸಂಬಂಧಪಟ್ಟವರು ಈ ನಿಯಮವನ್ನು ಬದಲಿಸಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಬಟ್ಟೆ ಹೊಲಿಯುವ ಒಬ್ಬ ತಾಯಿ
ಕ್ಯಾತ್ಸಂದ್ರ, ತುಮಕೂರು